ಬೆರೆಸದೇ ಬಿಟ್ಟ ಡಬ್ಬಿ

ನಮ್ಮ ಸರ್ ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಿಳಿ ಗೆರೆ ಇರುತ್ತಿತ್ತು. ಸೀಮೆಸುಣ್ಣದ್ದು ಎಂದುಕೊಂಡರೆ ತಪ್ಪು. ನಿವೃತ್ತರಾಗಿ ಸೀಮೆಸುಣ್ಣ ಮುಟ್ಟದೆ ವರ್ಷಗಳಾದ ಮೇಲೂ ಅದು ಹಾಗೇ ಇತ್ತು. ಅದು ಊರವರ ಗೋಡೆಗಳ ಹುಡಿ. ಯಾರ ಮನೆಗೆ ಹೋಗಲಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಕುರ್ಚಿಯ ಕಡೆ ನೋಡದೆ ನೇರ ಕಿಟಕಿಯ ಕಡೆ ನಡೆಯುತ್ತಿದ್ದರು. ಕಿಟಕಿಯ ಮೇಲಿನ ಮೂಲೆಯಲ್ಲಿ, ಗಾರೆ ಮೊದಲು ಬಿರಿಯುವ ಜಾಗದಲ್ಲಿ, ಉಗುರಿನಿಂದ ಮೆಲ್ಲಗೆ ಗೀರಿ, ಕಣ್ಣು ಕಿರಿದು ಮಾಡಿ "ಹ್ಞಂ" ಎನ್ನುತ್ತಿದ್ದರು. ಆ "ಹ್ಞಂ" ಕೇಳಿದ ಮನೆಯವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಮದುವೆ ಮನೆಯಲ್ಲೂ ಇದೇ, ಸೂತಕದ ಮನೆಯಲ್ಲೂ ಇದೇ. ನನ್ನ ಮಾವ ತೀರಿಕೊಂಡಾಗ ಮಾತಾಡಿಸಲು ಬಂದವರು, ಅತ್ತೆಗೆ ಎರಡು ಸಮಾಧಾನದ ಮಾತು ಹೇಳುವ ಮೊದಲು ನಮ್ಮ ಹಳೆಯ ಮನೆಯ ಕಿಟಕಿ ಮುಟ್ಟಿ ನೋಡಿದ್ದರು. ಅತ್ತೆ ಅದನ್ನು ಬಹಳ ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಡಿಪ್ಲೊಮಾ ಓದುವಾಗ ಅವರು ನಮಗೆ ಮಣ್ಣಿನ ಪಾಠ ಹೇಳುತ್ತಿದ್ದರು. ಸಿವಿಲ್ ವಿಭಾಗದ ಹುಡುಗಿಯರು ನಾವು ಒಂದು ಬೆಂಚಿಗೆ ಸಾಕಾಗುವಷ್ಟು ಮಂದಿ. ಮೊದಲ ದಿನವೇ ಅವರು ಒಂದು ಗಾಜಿನ ಲೋಟದಲ್ಲಿ ಒಣಗಿದ ಗಜನಿ ಮಣ್ಣಿನ ಹುಡಿ ಹಾಕಿ, ನೀರು ತುಂಬಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಗಜನಿ ಎಂದರೆ ಅಘನಾಶಿನಿಯ ಉಪ್ಪುನೀರು ಹತ್ತಿ ಇಳಿಯುವ ಗದ್ದೆ. ಅದರ ಮಣ್ಣು ಕಪ್ಪು ಜೇಡಿ. ಮರುದಿನ ಬೀಗ ತೆಗೆದರೆ ತಳದಲ್ಲಿದ್ದ ಹುಡಿ ಲೋಟದ ಅರ್ಧಕ್ಕೆ ಏರಿ ಕುಳಿತಿತ್ತು. ಹಿಂದಿನ ಬೆಂಚಿನವರು ಸರ್ ಗುಟ್ಟಾಗಿ ಮಣ್ಣು ಸೇರಿಸಿದ್ದಾರೆ ಎಂದರು. ಸರ್ ನಗಲಿಲ್ಲ.

"ಈ ಮಣ್ಣು ಉಸಿರಾಡ್ತದೆ. ಮಳೆಗಾಲದಲ್ಲಿ ಉಸಿರು ಎಳ್ಕಂಡು ಉಬ್ಬತದೆ, ಬೇಸಿಗೆಲಿ ಬಿಟ್ಟು ಕುಗ್ಗತದೆ. ಅದರ ಎದೆ ಮೇಲೆ ಮನೆ ಕಟ್ಟಿ ಕೂತವ ಮೇಲೆ ಕೆಳಗೆ ಆಗ್ತಾ ಇರಬೇಕಾಗ್ತದೆ," ಎಂದು ಲೋಟವನ್ನು ಮುಖದ ಹತ್ತಿರ ಹಿಡಿದು ನೋಡಿದರು. ಅವರ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ಪಾಠ ಹೇಳುವವರು ತಾವೇ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಹೆದರಿಕೆಗೆ ಅವರು ಹುಡುಕಿಕೊಂಡ ಮದ್ದು ಊರಿನ ಎಂಜಲು. ತಿಂದು ಎಸೆದ ಮೊಟ್ಟೆಯ ಸಿಪ್ಪೆ, ಹೊಳೆಯಲ್ಲಿ ಸಿಗುವ, ಕಪ್ಪೆಚಿಪ್ಪಿನ ಜಾತಿಯ ಬಳಚಿನ ಚಿಪ್ಪಿ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಸಿಪ್ಪೆ ಚಿಪ್ಪಿ ಎರಡೂ ಸುಟ್ಟರೆ ಸುಣ್ಣವೇ. ಸುಣ್ಣ ಬೆರೆತ ಜೇಡಿಗೆ ನೀರು ಕುಡಿಯುವ ಚಟ ಕಡಿಮೆಯಾಗುತ್ತದೆ. "ಉಂಡು ಎಸೆದದ್ದು ಊರು ತುಂಬ ಬಿದ್ದಿರುವಾಗ ಗುಡ್ಡ ಅಗೆದು ಸುಣ್ಣ ತರೂದು ಎಂತಕ್ಕೆ?" ಎಂಬುದು ಅವರ ವಾದ. ವಾದ ಸರಿ. ಆದರೆ ವಾದ ಮಾಡುವವರು ಹಳದೀಪುರದ ತೋಟದ ಮನೆಯವರು, ಹುಟ್ಟಿದಂದಿನಿಂದ ಮೊಟ್ಟೆಯ ವಾಸನೆ ಕಾಣದವರು. ಶನಿವಾರ ಸ್ಕೂಟರಿನ ಹ್ಯಾಂಡಲ್ಲಿಗೆ ಎರಡೂ ಕಡೆ ಚೀಲ ಸಿಕ್ಕಿಸಿಕೊಂಡು ಹೋಟೆಲ್ ಹೋಟೆಲ್ ತಿರುಗುತ್ತಿದ್ದರು. ಭಟ್ಕಳದ ಬಿರಿಯಾನಿ ಹೋಟೆಲಿನ ಸಾಹೇಬರೊಬ್ಬರು ಇವರನ್ನು ಕಂಡ ಕೂಡಲೇ ಒಳಗೆ ಕೂಗುತ್ತಿದ್ದರಂತೆ: "ಮಾಸ್ತರ್ ಸಾಬ್ ಬಂದ್ರು, ಛಿಲ್ಕಾ ತನ್ನಿ! ಅಂಡಾ ನಮಗೆ, ಛಿಲ್ಕಾ ಅವರಿಗೆ!" ಇದನ್ನು ಸರ್ ನಮಗೆ ತಾವೇ ಹೇಳಿ, ತಾವೇ ನಗುತ್ತಿದ್ದರು.

ಮನೆಯಲ್ಲಿ ಮಾತ್ರ ನಗು ಇರಲಿಲ್ಲ. ಅವರ ಹೆಂಡತಿ ಮೊದಲ ಚೀಲ ಕಂಡ ದಿನವೇ ತೀರ್ಪು ಕೊಟ್ಟಿದ್ದರು: "ಸಿಪ್ಪೆ ಒಳಗೆ ಬಂದ್ರೆ ಆನು ಹೊರಗೆ ಹೋಗ್ತೆ. ಯಾವ್ದು ಬೇಕು ಹೇಳಿ ನೀವೇ ನೋಡ್ಕಳಿ."

"ಆತು. ಸಿಪ್ಪೆನೂ ಹೊರಗೆ, ಆನೂ ಹೊರಗೆ," ಎಂದು ಸರ್ ಬಾವಿಕಟ್ಟೆಯ ಹಿಂದೆ ತಗಡಿನ ಮಾಡು ಹಾಕಿಕೊಂಡರು. ಅಲ್ಲಿಂದ ಒಳಗೆ ಬರಬೇಕಾದರೆ ಮಿಂದೇ ಬರಬೇಕು. ಇದು ಕೊನೆಯವರೆಗೂ ನಡೆಯಿತು. ನೆಗಡಿಯಾದ ದಿನವೂ ಮಿಂದರು. ನಾವೆಲ್ಲ ಅಮ್ಮ ಎನ್ನುತ್ತಿದ್ದ ಆಕೆ ಬೈಯುತ್ತಲೇ ಬಿಸಿನೀರು ಕಾಯಿಸಿಡುತ್ತಿದ್ದರು.

ಆ ಮಾಡಿನ ಕೆಳಗೆ ಹಳೆಯ ಎಣ್ಣೆ ಡಬ್ಬಿಗಳ ಸಾಲಿತ್ತು. ಪ್ರತಿ ಡಬ್ಬಿಯಲ್ಲೂ ಗಜನಿ ಮಣ್ಣು. ಒಂದೊಂದರಲ್ಲಿ ಒಂದೊಂದು ಪ್ರಮಾಣದ ಬೆರಕೆ. ಮಳೆ ನೀರು ಬೀಳುವಂತೆ ಹೊರಗಿಟ್ಟು, ಮಣ್ಣು ಎಷ್ಟು ಏರಿತು ಎಂದು ಅಳೆಯುವುದು. ಕೊನೆಯ ಡಬ್ಬಿಗೆ ಮಾತ್ರ ಏನೂ ಬೆರೆಸುತ್ತಿರಲಿಲ್ಲ. ಅದಕ್ಕೆ ಅವರು ಸಾಕ್ಷಿ ಡಬ್ಬಿ ಎನ್ನುತ್ತಿದ್ದರು. ಒಮ್ಮೆ ನಾನು, ಅದು ಉಬ್ಬುವುದು ಗೊತ್ತೇ ಇದೆಯಲ್ಲ, ದಂಡಕ್ಕೆ ಯಾಕೆ ಎಂದು ಕೇಳಿದೆ.

"ಅದು ಉಬ್ಬಲೇಬೇಕು ತಂಗಿ. ಅದೂ ಉಬ್ಬದೇ ಇದ್ರೆ, ಉಳಿದವು ಉಬ್ಬಲಿಲ್ಲ ಅಂತ ಕುಣಿಯೂಕೆ ಬರೂದಿಲ್ಲ. ಮಳೆಯೇ ಸಾಲಲಿಲ್ಲವೋ ಏನೋ! ಬೆರೆಸದೇ ಬಿಟ್ಟದ್ದು ಹಾಳಾದ್ರೆ ಮಾತ್ರ ಬೆರೆಸಿದ್ದು ಉಳೀತು ಅಂತ ಹೇಳ್ಬಹುದು."

ಇಷ್ಟು ವರ್ಷ ಡಬ್ಬಿಗಳಲ್ಲಿ ಮಣ್ಣನ್ನು ನಿಲ್ಲಿಸಿದವರು ನೆಲದ ಮೇಲೆ ಒಂದು ದನದ ಕೊಟ್ಟಿಗೆಯನ್ನೂ ಕಟ್ಟಿಸಿರಲಿಲ್ಲ. ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ: "ಡಬ್ಬಿಲಿ ನಿಂತದ್ದು ಗಜನಿಲಿ ನಿಲ್ತದೆ ಅಂತ ಯಾರು ಹೇಳಿದ್ರು?" ಆ ಪ್ರಶ್ನೆಯನ್ನು ನಾನೇ ಅವರ ಮನೆ ಬಾಗಿಲಿಗೆ ಒಯ್ಯುತ್ತೇನೆಂದು ಆಗ ಗೊತ್ತಿರಲಿಲ್ಲ.

ನಾನು ಓದು ಮುಗಿಸಿ ಕುಮಟೆಯಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಸೈಟ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಮದುವೆಯಾದ ಮೇಲೆ, ಹೆದ್ದಾರಿ ಅಗಲವಾಗುವಾಗ, ನನ್ನ ಗಂಡನ ಮನೆ ರಸ್ತೆಗೆ ಹೋಯಿತು. ನಮಗೆ ಉಳಿದ ಜಾಗ ಒಂದೇ. ತದಡಿಯ ದಾರಿಯಲ್ಲಿ, ಗಜನಿಯ ಅಂಚಿನಲ್ಲಿ. ಪಕ್ಕದ ಜಾಗದವರು ಆಗಲೇ ಮನೆ ಕಟ್ಟಿ ಕೂತು ಅನುಭವಿಸುತ್ತಿದ್ದರು. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪನ್ನೇ ಅವರೂ ಮಾಡಿದ್ದರು. ಬೇಸಿಗೆಯಲ್ಲಿ ಗಜನಿ ಒಣಗಿ ಕಲ್ಲಿನಂತೆ ಗಟ್ಟಿಯಾದಾಗ, ಇದಕ್ಕಿಂತ ಭದ್ರ ನೆಲ ಬೇಕೆ ಎಂದು, ಮೇಲೆ ಒಂದಿಷ್ಟು ಕೆಂಪುಮಣ್ಣು ಸುರಿದು, ಮಳೆಗಾಲದೊಳಗೆ ಮುಗಿಸುವ ಅವಸರದಲ್ಲಿ ಚಿರೆಕಲ್ಲಿನ ಗೋಡೆ ಎಬ್ಬಿಸುವುದು. ಮೊದಲ ಮಳೆಗಾಲಕ್ಕೇ ಅವರ ನಡುಮನೆಯ ನೆಲ ಉಬ್ಬಿ ಬಾಗಿಲು ಸಿಕ್ಕಿಕೊಂಡಿತು. ಬಡಗಿ ಕರೆಸಿ ಬಾಗಿಲು ಕೆತ್ತಿಸಿದರು. ಬೇಸಿಗೆಯಲ್ಲಿ ನೆಲ ಇಳಿದು, ಕೆತ್ತಿದ ಸಂದಿಯಲ್ಲಿ ಬೆಕ್ಕು ನುಸುಳಿ ಬರತೊಡಗಿತು. ಮಳೆಗಾಲದಲ್ಲಿ ಕೆತ್ತಿಸುವುದು, ಬೇಸಿಗೆಯಲ್ಲಿ ಬಟ್ಟೆ ತುರುಕುವುದು ಅವರ ಮನೆಯ ನೇಮವೇ ಆಗಿತ್ತು. ಗೋಡೆಯಲ್ಲಿ ಕೈಬೆರಳು ಹೋಗುವಷ್ಟು ಬಿರುಕು.

ನಮಗೆ ಇನ್ನೊಂದು ಸಲ ಕಟ್ಟುವ ತಾಕತ್ತಿರಲಿಲ್ಲ. ಒಮ್ಮೆ ರಸ್ತೆಗೆ ಮನೆ ಕಳೆದುಕೊಂಡ ಅತ್ತೆ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಪಾತ್ರೆಗಳ ಗಂಟನ್ನೂ ಬಿಚ್ಚದೆ ಕೂತಿದ್ದರು. ನಾನು ಸರ್ ಹತ್ತಿರ ಹೋದೆ. ಅವರು ನನ್ನ ಮಾತು ಮುಗಿಯುವ ಮೊದಲೇ ಎರಡೂ ಕೈ ಅಲ್ಲಾಡಿಸಿದರು.

"ಬೇಡ. ಆ ಉಪ್ಪುಮಣ್ಣಿನ ಜಾತಿ ನಿಂಗೆ ಗೊತ್ತಿಲ್ಲ. ಕೆಲವು ಉಪ್ಪಿಗೆ ಸುಣ್ಣ ಸೇರಿದ್ರೆ ಮಣ್ಣು ಇಳಿಯೂ ಬದಲು ಮತ್ತೂ ಏರ್ತದೆ. ನನ್ನ ಹುಚ್ಚಿಗೆ ನಿನ್ನ ಮನೆ ಒಡ್ಡೂದು ಬೇಡ."

ಆದರೂ ಮರುವಾರ ಜಾಗ ನೋಡಲು ಬಂದರು. ಪಕ್ಕದ ಮನೆಯ ಕಿಟಕಿಯ ಮೂಲೆಗೆ ಉಗುರು ಹಚ್ಚಿದರು. ಈ ಸಲ "ಹ್ಞಂ" ಕೂಡ ಬರಲಿಲ್ಲ. ನಮ್ಮ ಜಾಗದ ಅಂಚಿನಲ್ಲಿ ನಿಂತಿದ್ದ ಅತ್ತೆ ಹಳೆಯ ಸಿಟ್ಟನ್ನು ಆಗ ಹೊರಗೆ ತೆಗೆದರು. "ಎಂತ ಮಾಸ್ತ್ರೇ, ನಮ್ಮ ಮನೆ ಕಿಟಕಿ ನೋಡೂಕೆ ಕಟ್ಟೂ ಮೊದ್ಲೇ ಬಂದ್ರಾ?" ಸರ್ ತಲೆ ತಗ್ಗಿಸಿದರು. ಅತ್ತೆ ಬಿಡಲಿಲ್ಲ. "ನೀವು ಹೂಂ ಅಂದ್ರೂ ಕಟ್ಟೂದೇ, ಉಹುಂ ಅಂದ್ರೂ ಕಟ್ಟೂದೇ. ನಮ್ಗೆ ಬೇರೆ ಜಾಗ ಇಲ್ಲ. ನೀವು ಹೇಳ್ದಿದ್ರೆ ನಾವೂ ಇವರ ಹಾಂಗೇ ಕೆಂಪುಮಣ್ಣು ಹಾಕಿ ಕಟ್ತ್ರು, ಅಷ್ಟೇ."

ಸರ್ ಪಕ್ಕದ ಮನೆಯ ಬಾಗಿಲಿನ ಆ ಬೆಕ್ಕಿನ ಸಂದಿಯನ್ನು ತಿರುಗಿ ನೋಡಿದರು. ಆಮೇಲೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ನಮ್ಮ ಮಣ್ಣು ತುಂಬಿಸಿಕೊಂಡು ಹೋದರು. ತಾವು ಕಲಿಸಿದ ಕಾಲೇಜಿನಲ್ಲಿ ಅದರ ಉಪ್ಪಿನ ಪರೀಕ್ಷೆ ಮಾಡಿಸಿದರು. ಹೆದರುವಂಥದ್ದಿಲ್ಲ ಎಂದು ಬಂತು. ಅದನ್ನು ನನಗೆ ಹೇಳುವಾಗಲೂ ಹೆದರಿಕೊಂಡೇ ಹೇಳಿದರು.

ಆ ಬೇಸಿಗೆಯಲ್ಲಿ ನಾವು ಮಾಡಿದ ಕೆಲಸ ನೋಡಿ ನಕ್ಕವರೇ ಹೆಚ್ಚು. ನದಿಯ ಬದಿಯ ಮನೆಗಳ ಹಿತ್ತಿಲಲ್ಲಿ ರಾಶಿ ಬಿದ್ದಿದ್ದ ಬಳಚಿನ ಚಿಪ್ಪಿಯನ್ನು ಟೆಂಪೋದಲ್ಲಿ ತಂದು, ಉಪ್ಪು ಹೋಗುವಂತೆ ತೊಳೆದು ಒಣಗಿಸಿದೆವು. ಮೊಟ್ಟೆಸಿಪ್ಪೆ ಊರಿನ ಹೋಟೆಲುಗಳದ್ದೆಲ್ಲ ಸೇರಿದರೂ ಒಂದು ಮೂಲೆಗೆ ಸಾಕು ಎನ್ನುವಷ್ಟಾಯಿತು. ಆದರೂ ಅದು ಬೇಕೇ ಬೇಕೆಂದು ಸರ್ ಹಟ ಹಿಡಿದರು. ಹಳೆಯ ಸುಣ್ಣದ ಭಟ್ಟಿಯೊಂದನ್ನು ಸರಿಮಾಡಿಸಿ ಎಲ್ಲ ಸುಟ್ಟು ಹುಡಿ ಮಾಡಿದ್ದಾಯಿತು. ಮನೆಯ ಅಡಿಪಾಯದ ಜಾಗವನ್ನೂ ಅಂಗಳವನ್ನೂ ಅಗೆದು, ಜೇಡಿಯನ್ನು ಪುಡಿಮಾಡಿ, ಈ ಹುಡಿಯನ್ನೂ ಹೊಟ್ಟಿನ ಬೂದಿಯನ್ನೂ ಬೆರೆಸಿ, ನೀರು ಚಿಮುಕಿಸಿ, ತಾಡಪತ್ರಿ ಮುಚ್ಚಿ ಬಿಡಬೇಕು. ಅಲ್ಲಿ ಬಂತು ಜಗಳ. ಮೇಸ್ತ್ರಿಗೆ ಕೂಡಲೇ ತುಂಬಿಸಿ ಬಡಿಯುವ ಅವಸರ. ಆಕಾಶ ಅಷ್ಟರಲ್ಲೇ ಮೋಡ ಕಟ್ಟತೊಡಗಿತ್ತು. ನಾನೂ ಮೇಸ್ತ್ರಿಯ ಕಡೆಗೇ ವಾಲಿದೆ.

"ದೋಸೆ ಹಿಟ್ಟು ರುಬ್ಬಿದ ಕೂಡ್ಲೆ ಕಾವಲಿಗೆ ಹೊಯ್ತೀಯಾ?" ಎಂದು ಸರ್ ನನ್ನ ಮೇಲೆ ಸಿಡುಕಿದರು. "ಹುಳಿ ಬರೂಕೆ ಬಿಡ್ಬೇಕು. ಸುಣ್ಣ ಮಣ್ಣಿನ ಒಳಗೆ ಇಳೀಬೇಕು." ಹಾಗೆ ಸಿಡುಕಿದವರು ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಂಡರು. ಪ್ರತಿದಿನ ಬಂದು ತಾಡಪತ್ರಿಯ ಅಂಚಿಗೆ ಕಲ್ಲಿಡುತ್ತಿದ್ದರು. ಒಂದು ಮುಷ್ಟಿ ಮಣ್ಣು ಹಿಂಡಿ, ಅದು ಅಂಗೈಗೆ ಅಂಟದೆ ಹರಳು ಹರಳಾಗಿ ಉದುರಿದ ದಿನ, "ಆತು, ಬಡೀರಿ," ಎಂದರು. ಮಳೆ ಎರಡು ದಿನ ತಡಮಾಡಿ ನಮ್ಮನ್ನು ಉಳಿಸಿತು. ಗೋಡೆ ಎಬ್ಬಿಸಿದ್ದು ಆ ಮಳೆಗಾಲ ಕಳೆದ ಮೇಲೆ.

ಅಂಗಳದಲ್ಲಿ ಒಂದು ಚೌಕವನ್ನು ಮಾತ್ರ ಸರ್ ಅಗೆಯಲು ಬಿಟ್ಟಿರಲಿಲ್ಲ. ಅಲ್ಲಿ ಗಜನಿ ಮಣ್ಣು ಇದ್ದ ಹಾಗೇ ಇರಬೇಕು. ಅವರ ಡಬ್ಬಿ ಸಾಲಿನ ಕೊನೆಯ ಡಬ್ಬಿ ಅದು. ಅಲ್ಲಿ ಏನೂ ಕಟ್ಟಬಾರದು, ಬರೇ ಒಂದು ಕಲ್ಲು ಇಟ್ಟು ಅದು ಏರುವುದನ್ನು ನೋಡುವುದು ಎಂದು ನಿಶ್ಚಯವಾಗಿತ್ತು.

ನಾನು ಗುತ್ತಿಗೆದಾರರ ಸೈಟಿಗೆ ಕೆಲಸಕ್ಕೆ ಹೋದ ಒಂದು ದಿನ ಅತ್ತೆ ಮೇಸ್ತ್ರಿಯನ್ನು ಹಿಡಿದು ಅದೇ ಚೌಕದ ಮೇಲೆ ತುಳಸಿಕಟ್ಟೆ ಕಟ್ಟಿಸಿಬಿಟ್ಟರು. ಸಂಜೆ ಬಂದು ನೋಡಿ ನನಗೆ ಅಳುವೇ ಬಂತು. ಅತ್ತೆಗೆ ಒಂದಿಷ್ಟೂ ಅಳುಕಿಲ್ಲ. "ಮತ್ತೆಂತ ಮಾಡೂದು? ಅಂಗಳ ತುಂಬ ಮೊಟ್ಟೆ ಹುಡಿ, ಚಿಪ್ಪಿ ಹುಡಿ. ನಾವು ತಿಂತ್ರು, ನಮ್ಗೆ ನಡೀತದೆ. ತುಳಸಿಗೆ ನಡೀತದಾ? ಶುದ್ಧ ಇದ್ದ ಜಾಗ ಅದೊಂದೇ."

ಸರ್ ಬಂದು ಕಟ್ಟೆಯ ಸುತ್ತ ಒಂದು ಸುತ್ತು ಬಂದರು. ದೇವರಿಗೆ ಬಂದ ಸುತ್ತೋ, ಮಣ್ಣಿಗೆ ಬಂದದ್ದೋ ತಿಳಿಯಲಿಲ್ಲ. ತಮ್ಮ ಮನೆಯ ಬಾವಿಕಟ್ಟೆ ನೆನಪಾಗಿರಬೇಕು. ಅತ್ತೆಯ ಜೊತೆ ವಾದಿಸಲಿಲ್ಲ. "ಇರ್ಲಿ. ಒಂದು ಗಾಜು ಅದಕ್ಕೂ ಹಚ್ಚು," ಎಂದರು.

ಗಾಜು ಎಂದರೆ ಬೆರಳಗಲದ ತೆಳು ಪಟ್ಟಿ. ಗೋಡೆಯ ಮೂಲೆಗಳಲ್ಲಿ, ಮೆಟ್ಟಿಲು ಸೇರುವಲ್ಲಿ ಎರಡು ತುದಿಗೂ ಗಾರೆ ಮೆತ್ತಿ ಕೂರಿಸಿದ್ದೆವು. ಗಾಜು ಬಗ್ಗುವುದಿಲ್ಲ, ನೆಲ ಕೂದಲೆಳೆಯಷ್ಟು ಅಲುಗಿದರೂ ಒಡೆಯುತ್ತದೆ. ಕಟ್ಟೆಗೂ ಪಕ್ಕದ ಅಂಗಳದ ಕಲ್ಲಿಗೂ ಸೇರಿಸಿ ಹಾಗೇ ಒಂದು ಪಟ್ಟಿ ಹಚ್ಚಿದೆ.

ಮರುವರ್ಷದ ಮಳೆ ಹಿಡಿಯಿತು. ಗಜನಿಯಲ್ಲಿ ನೀರು ಏರಿ ನಮ್ಮ ಬೇಲಿಯವರೆಗೆ ಬಂತು. ಹೊಸ ಮನೆಯಲ್ಲಿ ನನಗೆ ಒಂದು ದಿನವೂ ನೆಮ್ಮದಿ ಇರಲಿಲ್ಲ. ಎದ್ದವಳು ಹಲ್ಲುಜ್ಜುವ ಮೊದಲು ಗಾಜುಗಳನ್ನು ಮುಟ್ಟಿ ಬರುತ್ತಿದ್ದೆ. ಹಲ್ಲಿ ಲೊಚಗುಟ್ಟಿದರೆ ಗಾಜು ಒಡೆಯಿತೆಂದು ಓಡುವುದು. ಕುಕ್ಕರಿನ ಮುಚ್ಚಳ ಸದ್ದು ಮಾಡಿದರೆ ಗಾಜು. ಬಾಗಿಲು ಸ್ವಲ್ಪ ಬಿಗಿಯಾದರೂ ಗಾಜು. ಮರ ಮಳೆಗೆ ಉಬ್ಬಿದ್ದು ಎಂದು ಗಂಡ ಹೇಳಿದರೆ ನಂಬಿಕೆ ಬರುತ್ತಿರಲಿಲ್ಲ. ಸರ್ ಪ್ರತಿ ಭಾನುವಾರ ಹಳದೀಪುರದಿಂದ ಬಸ್ಸು ಹತ್ತಿ ಬರುತ್ತಿದ್ದರು. ಕೊಡೆ ಮಡಿಸಿ, ಚಹಾ ಬೇಡವೆಂದು, ಒಂದೊಂದೇ ಗಾಜಿನ ಮೇಲೆ ಉಗುರು ಎಳೆಯುತ್ತಿದ್ದರು. ಎಲ್ಲ ಮುಗಿದ ಮೇಲೆ ಅಂಗಳಕ್ಕಿಳಿದು ಕಟ್ಟೆಯ ಗಾಜನ್ನು ನೋಡುತ್ತಿದ್ದರು. ಅದು ಸರಿಯಾಗಿಯೇ ಇರುತ್ತಿತ್ತು. ನಾನು ಸಂತೋಷಪಟ್ಟರೆ ಅವರ ಮುಖ ಇನ್ನಷ್ಟು ಚಿಕ್ಕದಾಗುತ್ತಿತ್ತು. ವಯಸ್ಸಾಯಿತು, ಪ್ರಯಾಣದ ಆಯಾಸ ಎಂದುಕೊಂಡೆ.

ಒಂದು ಭಾನುವಾರ ಅವರು ಬರಲಿಲ್ಲ. ಫೋನು ಮಾಡಿದರೆ ಅವರ ಹೆಂಡತಿ ಎತ್ತಿದರು. ಉಸಿರಾಟ ಕಷ್ಟವಾಗಿ ಹೊನ್ನಾವರದ ಆಸ್ಪತ್ರೆಗೆ ಸೇರಿಸಿದ್ದರಂತೆ. ಆ ವಾರ ಎಡೆಬಿಡದೆ ಹೊಯ್ದ ಮಳೆ. ಬುಧವಾರ ಬೆಳಿಗ್ಗೆ ಅಂಗಳದಿಂದ ಅತ್ತೆ ಕೂಗಿಕೊಂಡರು. ತುಳಸಿಕಟ್ಟೆ ಒಂದು ಬದಿಗೆ ವಾಲಿತ್ತು. ಗಾಜು ನಡುವಿಗೆ ಎರಡು ತುಂಡು.

"ಕಟ್ಟೆ ಒಡೀತು ಅಂದ್ರೆ ಒಳ್ಳೇದಲ್ಲ ಮಾರಾಯ್ತಿ. ಎಂತೋ ಕೆಟ್ಟದ್ದು ಆಗೂಕೆ ಹೊಂಟದೆ," ಎಂದು ಅತ್ತೆ ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಒಳಗೆ ಓಡಿ ಮನೆಯ ಗಾಜುಗಳನ್ನೆಲ್ಲ ಮುಟ್ಟಿದೆ. ಒಂದೂ ಒಡೆದಿರಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಕಟ್ಟೆಗೆ ಬಂದದ್ದು ನಾಳೆ ಗೋಡೆಗೆ ಬರುವುದಿಲ್ಲವೆ? ಇದನ್ನು ಆಸ್ಪತ್ರೆಯಲ್ಲಿ ಮಲಗಿದವರಿಗೆ ಹೇಗೆ ಹೇಳುವುದು? ಹೊನ್ನಾವರದಲ್ಲಿ ಬಸ್ಸು ಇಳಿಯುವಾಗಲೂ ಹೇಳುವುದೋ ಬಿಡುವುದೋ ತೀರ್ಮಾನವಾಗಿರಲಿಲ್ಲ.

ಕೋಣೆಯ ಬಾಗಿಲಲ್ಲೇ ಅವರ ಹೆಂಡತಿ ನನ್ನ ಕೈ ಹಿಡಿದರು. "ತಂಗಿ, ಒಳ್ಳೇದು ಇದ್ರೆ ಮಾತ್ರ ಹೇಳು. ಗಾಜು ಗಾಜು ಹೇಳಿ ಒಂದೇ ಸಮ. ಡಾಕ್ಟ್ರು ಮಾತಾಡಡಿ ಅಂದ್ರೂ ಕೇಳ್ತ್ವಿಲ್ಲೆ."

ಸರ್ ಮೂಗಿಗೆ ನಳಿಕೆ ಹಾಕಿಸಿಕೊಂಡು ಒರಗಿ ಕೂತಿದ್ದರು. ಮಂಚವನ್ನು ಕಿಟಕಿಯ ಬದಿಗೇ ಸರಿಸಿಕೊಂಡಿದ್ದರು. ಗಾರೆಯ ಮೇಲೆ ಹೊಸ ಉಗುರಿನ ಗೆರೆಗಳು ಕಾಣುತ್ತಿದ್ದವು. ನನ್ನನ್ನು ನೋಡಿ ಕಣ್ಣಿನಲ್ಲೇ ಕೇಳಿದರು.

"ಮನೆಯದ್ದೆಲ್ಲ ಸರಿಯಾಗಿದೆ ಸರ್. ಒಂದೂ ಒಡೀಲಿಲ್ಲ," ಎಂದೆ.

ಅವರ ಮುಖ ಅರಳಲಿಲ್ಲ. "ಕಟ್ಟೇದು?"

ನಾನು ಅಮ್ಮನ ಮುಖ ನೋಡಿದೆ. ಅವರು ಬೇಡವೆಂಬಂತೆ ತಲೆ ಅಲ್ಲಾಡಿಸಿದರು. ಆದರೆ ನನಗೆ ಆ ಮನುಷ್ಯರ ಎದುರು ಸುಳ್ಳು ಬಾಯಿಗೆ ಬರಲಿಲ್ಲ. "ಕಟ್ಟೆ ವಾಲಿದೆ ಸರ್. ಗಾಜು ಒಡೀತು," ಎಂದು ಅಳತೊಡಗಿದೆ.

ಸರ್ ಕಣ್ಣು ಮುಚ್ಚಿಕೊಂಡರು. ಅವರ ಎದೆ ಮೇಲೆ ಕೆಳಗೆ ಆಗುತ್ತಿತ್ತು. ಏನೋ ಆಗಿಹೋಯಿತೆಂದು ಅಮ್ಮ ಮುಂದೆ ಬಂದರು. ಆಗ ನೋಡಿದರೆ ಅವರು ನಗುತ್ತಿದ್ದರು. ಅವರ ಮುಖದಲ್ಲಿ ಅಂಥ ನಿರಾಳವಾದ ನಗು ಬಂದದ್ದನ್ನು ನಾನು ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ.

"ಮರುಳಿ, ಅಳ್ತಾಳೆ," ಎಂದರು, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು. "ಅದು ಅಲುಗದೇ ಇತ್ತಲ್ಲ ಇಷ್ಟು ದಿನ, ಅದಕ್ಕೇ ನಂಗೆ ನಿದ್ರೆ ಇರಲಿಲ್ಲ. ಈ ಮಳೆಗೆ ಮಣ್ಣು ಏಳಲೇ ಇಲ್ಲವೋ ಏನೋ, ಮನೆ ಸುಮ್ನೆ ನಿಂತಿದೆಯೋ ಏನೋ ಅಂತ. ಈಗ ಸಾಕ್ಷಿ ಹೇಳ್ತು. ಕಟ್ಟೆ ಎದ್ದೂ ಮನೆ ನಿಂತದೆ ಅಂದ್ರೆ, ನಿಂತದೆ." ಸ್ವಲ್ಪ ಹೊತ್ತಿನ ಮೇಲೆ ಹಳೆಯ ಹೆದರಿಕೆ ಮತ್ತೆ ಮುಖಕ್ಕೆ ಬಂತು. "ಒಂದು ಮಳೆಗಾಲ ಸಾಕಾಗೂದಿಲ್ಲ ತಂಗಿ. ಬರೂ ವರ್ಷನೂ ನೋಡು. ನೋಡ್ತಾ ಇರು."

ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಚೌತಿಗೆ ಕೆಲವೇ ದಿನ ಇರುವಾಗ ಅವರು ಹೋದರು.

ಹಳದೀಪುರದ ಮನೆಗೆ ಮಾತಾಡಿಸಲು ಹೋದಾಗ ಅಮ್ಮ ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ಅವರ ಹತ್ತಿರ ಹೋಗಬೇಕೆಂದುಕೊಂಡವಳು, ಏನು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ, ಕಿಟಕಿಯ ಕಡೆ ನಡೆದಿದ್ದೆ. ಉಗುರು ಗಾರೆಗೆ ತಾಗಿದ ಮೇಲೆ ಎಚ್ಚರವಾಗಿ, ನಾಚಿಕೆಯಿಂದ ಕೈ ಹಿಂದಕ್ಕೆಳೆದುಕೊಂಡೆ. "ನೋಡು ತಂಗಿ, ನೋಡು," ಎಂದರು ಅಮ್ಮ. "ಈ ಮನೆ ಕಿಟಕಿ ನೋಡೂಲೆ ಇನ್ಯಾರು ಇದ್ದ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹಿಂದಿನ ಮಾಡಿನ ಕೆಳಗೆ ಡಬ್ಬಿಗಳು ಹಾಗೇ ಇದ್ದವು. ಒಂದನ್ನೂ ಎಸೆಯಲು ಅವರು ಬಿಟ್ಟಿರಲಿಲ್ಲ.

ತುಳಸಿ ಹಬ್ಬ ಹತ್ತಿರ ಬಂದಾಗ ಮೇಸ್ತ್ರಿ ತಾನಾಗಿಯೇ ಬಂದ. ಕಟ್ಟೆ ಕೆಡವಿ, ಅಡಿಯ ಮಣ್ಣಿಗೂ ಉಳಿದ ಹುಡಿ ಬೆರೆಸಿ, ಹೊಸದು ಕಟ್ಟಿಕೊಡುತ್ತೇನೆ ಎಂದ. ಅತ್ತೆ ಒಪ್ಪುತ್ತಾರೆ ಎಂದುಕೊಂಡೆ. ವಾಲಿದ ಕಟ್ಟೆಯನ್ನು ಕಂಡು ಅಷ್ಟು ಹೆದರಿದ್ದವರು ಅವರೇ. "ಬೇಡ, ಇದು ಇರ್ಲಿ," ಎಂದು ಅವನಿಗೆ ಚಹಾ ಕೊಟ್ಟು ಕಳಿಸಿದರು. "ಬರೂ ವರ್ಷನೂ ನೋಡೂಕೆ ಹೇಳಿದಾರಲ, ಮಾಸ್ತ್ರು. ಇದು ಇಲ್ದೆ ಹ್ಯಾಂಗೆ ಗೊತ್ತಾಗ್ತದೆ?"

ಮುಂದಿನ ಮಳೆಗಾಲದ ಹೆದರಿಕೆ ನನಗೆ ಈಗಲೇ ಇದೆ. ಮೋಡ ಕಂಡರೆ ಗಾಜು ಒರೆಸಿಡುತ್ತೇನೆ. ನನ್ನ ಹೆಬ್ಬೆರಳಿನ ಉಗುರಿನಲ್ಲೂ ಬಿಳಿ ಗೆರೆ ಬಂದಿದೆಯೆಂದು ಗಂಡ ತಮಾಷೆ ಮಾಡುತ್ತಾರೆ. ಅತ್ತೆ ಪ್ರತಿ ಸಂಜೆ ಆ ವಾಲಿದ ಕಟ್ಟೆಗೆ ದೀಪ ಇಡುತ್ತಾರೆ. ಇಳಿಜಾರಿನಲ್ಲಿ ಹಣತೆ ನಿಲ್ಲುವುದಿಲ್ಲ, ಎಣ್ಣೆ ಒಂದು ಬದಿಗೆ ಚೆಲ್ಲುತ್ತದೆ. ಮೊನ್ನೆ ಹತ್ತಿರ ಹೋಗಿ ನೋಡಿದೆ. ಹಣತೆಯ ತಗ್ಗಿನ ಬದಿಗೆ, ಅದು ಸಮನಾಗಿ ನಿಲ್ಲಲೆಂದು, ಅತ್ತೆ ಒಂದು ಬಳಚಿನ ಚಿಪ್ಪಿ ಇಟ್ಟಿದ್ದರು.